ಪಟ್ಟಿಯಲ್ಲಿಲ್ಲದ ಪಂಚಾಯಿತಿ

ಬಹ್ರೇನಿನ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ, ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಟೈಪಿಂಗ್ ಅಂಗಡಿಯಲ್ಲಿ ವೀಸಾ ಅರ್ಜಿ ಹಿಡಿದು ನಿಂತಿದ್ದೆ. ನನಗಿಂತ ಮುಂದಿದ್ದ ನಾರ್ವೆಯ ಮುದುಕ ಹುಟ್ಟಿದ ಪಂಚಾಯಿತಿ ಕಂಪ್ಯೂಟರಿನ ಪಟ್ಟಿಯಲ್ಲೇ ಇರಲಿಲ್ಲ. ಕುರಿ, ಹುಲ್ಲುಗಾವಲು, ಒಂದು ಮರದ ಚರ್ಚು ಇದ್ದ ಜಾಗವಂತೆ. ಅವನು ಶಾಲೆಗೆ ಹೋಗುವಾಗಲೇ ಪಕ್ಕದ ಪಂಚಾಯಿತಿಗೆ ಸೇರಿಸಿ ಹೆಸರು ಅಳಿಸಿದರಂತೆ.

“ಕತೆ ಕಟ್ತಾನೆ ಮಾರಾಯ್ರೆ,” ಎಂದು ಮಂಗಳೂರಿನ ಟೈಪಿಸ್ಟ್ ಹಮೀದ್ ನನಗೆ ಪಿಸುಗುಟ್ಟಿದರು. ನನಗೂ ಅನುಮಾನವೇ. ಹುಟ್ಟಿದ ಊರು ಹೇಳಲು ಇಷ್ಟುದ್ದ ಚರಿತ್ರೆ ಯಾಕೆ? ಅವನನ್ನು ಬೆಂಚಿನಲ್ಲಿ ಕೂರಿಸಿ ಹಮೀದ್ ನನ್ನ ಕಾಗದ ತೆಗೆದುಕೊಂಡರು.

“ನಿಮ್ದು ಪಾಸ್‌ಪೋರ್ಟಲ್ಲಿ ಉಡುಪಿ ಜಿಲ್ಲೆ. ಜನನಪತ್ರದಲ್ಲಿ ದಕ್ಷಿಣ ಕನ್ನಡ ಉಂಟಲ್ಲ?”

“ಆಮೇಲೆ ಜಿಲ್ಲೆ ಒಡೆದದ್ದು ನಿಮಗೆ ಗೊತ್ತಿಲ್ವಾ?”

“ನಂಗೆ ಗೊತ್ತುಂಟು. ವೀಸಾ ಆಫೀಸಿನ ಅರಬ್ಬಿಗೆ ಗೊತ್ತುಂಟಾ?” ಹಮೀದ್ ನನಗೂ ಬೆಂಚು ತೋರಿಸಿದರು.

ಮುದುಕ ಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿಕೊಟ್ಟ.