ನೂರ ಮೂವತ್ತಾರರಲ್ಲಿ ಹತ್ತೊಂಬತ್ತು ಕುರಿ

ರಾಯದುರ್ಗದ ಕಾಲೇಜೊಂದರಲ್ಲಿ ನಾನು ಜಾವಾ ಕಲಿಸುತ್ತೇನೆ. ಎರಡು ವಸ್ತುಗಳು ಯಾವಾಗ ‘ಒಂದೇ’ ಅನ್ನುವುದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ, ನಾವೇ ಹೇಳಿಕೊಡಬೇಕು ಎಂದು ವರ್ಷವರ್ಷವೂ ಬೋರ್ಡಿನ ಮುಂದೆ ಗಂಟಲು ಹರಿದುಕೊಳ್ಳುವವಳು. ಅಂಥ ನಾನೇ ಸೋದರಮಾವನ ನೂರ ಮೂವತ್ತಾರು ಕುರಿಗಳನ್ನು ಹತ್ತೊಂಬತ್ತು ಮಾಡಿಬಿಟ್ಟೆ. ಓದಿ ಓದಿ ಮರುಳಾಗುವುದು ಅಂದರೆ ಇದೇ.

ಮಾವನದು ಗುಮ್ಮಘಟ್ಟದ ಕಡೆಯ ಊರು. ಪಕ್ಕದ ಊರಿನಲ್ಲಿ ನೀಲಿ ನಾಲಿಗೆ ರೋಗ ಬಂದು ಕುರಿಗಳು ಸಾಯುತ್ತಿದ್ದವು. ಒಂದೊಂದು ಕುರಿಯ ವಯಸ್ಸು, ಬಣ್ಣ, ಗಂಡೋ ಹೆಣ್ಣೋ ಬರೆದು ಪಟ್ಟಿ ಕೊಡಿ, ಅದರಲ್ಲಿ ಎಷ್ಟಿವೆಯೋ ಅಷ್ಟಕ್ಕೆ ಲಸಿಕೆ ತರುತ್ತೇನೆ ಎಂದಿದ್ದ ಸೂಜಿ ಹಾಕುವವನು. ನಾನು ಮಾಡಿಕೊಡುತ್ತೇನೆ ಎಂದು ಎದೆ ತಟ್ಟಿಕೊಂಡೆ. ಮಾವ ಫೋನಿನಲ್ಲಿ ಹೇಳುತ್ತಾ ಹೋದ, ನಡುನಡುವೆ ಅನುಮಾನ ಬಂದು ಹೇಳಿದ್ದನ್ನೇ ಮತ್ತೆ ಹೇಳಿದ. ಎರಡು ಸಲ ಬಂದವನ್ನು ತೆಗೆದುಹಾಕಲು ಎಲ್ಲವನ್ನೂ ‘ಸೆಟ್’ ಒಂದಕ್ಕೆ ತುಂಬಿದೆ. ಅದರೊಳಗೆ ಒಂದೇ ಆದದ್ದು ಎರಡು ಸಲ ಕೂರುವಂತಿಲ್ಲ. ವಯಸ್ಸು, ಬಣ್ಣ, ಲಿಂಗ ಮೂರೂ ಹೊಂದಿದರೆ ಅವೆರಡೂ ಒಂದೇ ಕುರಿ ಎಂದು ಬರೆದೆ. ಪಟ್ಟಿ ಚೊಕ್ಕಟವಾಗಿ ಬಂತು. ಎಣಿಸಿಯೂ ನೋಡದೆ ಕಳಿಸಿದೆ.

ಲಸಿಕೆಯ ದಿನ ಹೊಗಳಿಸಿಕೊಳ್ಳಲೆಂದೇ ಶೇರ್ ಆಟೋ ಹತ್ತಿ ಹೋದೆ. ಸೂಜಿಯವನು ಐಸ್ ಡಬ್ಬಿ ಇಳಿಸಿ, “ಹತ್ತೊಂಬತ್ತಕ್ಕ ತಂದೀನ್ರಿ” ಎಂದ.

“ಉಳಿದ ಕುರಿ ಎಲ್ಲಿ ಹೋದ್ವು?” ಮಾವ ನನ್ನ ಕಡೆ ತಿರುಗಿದ.

“ಎರಡು ವರ್ಷದ ಬಿಳಿ ಹೆಣ್ಣು ಕುರಿ ನಲವತ್ತಿದ್ರೂ ಕಂಪ್ಯೂಟರಿಗೆ ಅವೆಲ್ಲಾ ಒಂದ ರಿ ಮಾವ.”

“ಹಂಗಾದ್ರ ಒಂದಕ್ಕ ಚುಚ್ಚಿದ್ರ ನಲವತ್ತಕ್ಕೂ ಚುಚ್ಚಿದಂಗೇನವಾ?”

ಸೂಜಿಯವನು ಇದನ್ನು ಗಂಭೀರವಾಗಿ ಯೋಚಿಸಿ ತಲೆಯಾಡಿಸಿದ. “ಹಂಗಾಗಂಗಿಲ್ರಿ. ಲಿಸ್ಟ್‌ನಾಗಿರೋ ಆ ಒಂದು ಯಾವುದು ತೋರಿಸ್ರಿ, ಬಿಸಲು ಏರಾಕತ್ತೈತಿ.”

ಅವಮಾನದಿಂದ ಕಿವಿ ಬಿಸಿಯಾಯಿತು. ಅಲ್ಲೇ ಲ್ಯಾಪ್‌ಟಾಪ್ ತೆರೆದು, ಕುರಿಗಳ ಗುರುತು ಹೇಗೆ ಹಿಡಿಯುತ್ತೀರಿ ಎಂದು ಮಾವನನ್ನು ಕೇಳಿದೆ. “ಅದರವ್ವ ಯಾರು ಅಂತ ನೋಡ್ತೀನಿ” ಎಂದ. ಸರಿ, ಅದನ್ನೂ ಬರೆದೆ. ಆದರೆ ಇಬ್ಬರ ಅವ್ವ ಒಂದೇನಾ ಎಂದು ತಿಳಿಯಲು ಅವ್ವನ ಅವ್ವನನ್ನು ನೋಡಬೇಕು, ಅವಳಿಗೆ ಅವಳ ಅವ್ವನನ್ನು. ಕಂಪ್ಯೂಟರ್ ಕೈಚೆಲ್ಲಿತು. ಮಾವ ಮಾತ್ರ ನಿಲ್ಲದೆ, ತನ್ನ ಮದುವೆಗೆ ಬೀಗರು ಕೊಟ್ಟ ಕುರಿಯವರೆಗೂ ಹೋಗಿ, ಅದರ ಅವ್ವನ ನೆನಪು ಮಾಡಿಕೊಳ್ಳುತ್ತಿದ್ದ. “ಸಾಕು ಬಿಡ್ರಿ ಪುರಾಣ!” ಎಂದು ಅತ್ತೆ ಕೂಗಿದಳು.

ಕಡೆಗೆ ಬೆನ್ನ ಮೇಲೆ ಬಣ್ಣದಲ್ಲಿ ನಂಬರು ಬರೆದೆವು. ಹೊಸ ಪಟ್ಟಿಯಲ್ಲಿ ನೂರ ಮೂವತ್ತಾರೂ ಬಂದವು. ಉಳಿದ ಲಸಿಕೆ ಮುಂದಿನ ವಾರ ಎಂದ ಸೂಜಿಯವನು. ತಂದಿದ್ದಕ್ಕೆ ಹತ್ತೊಂಬತ್ತನ್ನು ಆರಿಸಬೇಕಿತ್ತು. ಮಾವನಿಗೆ ಆಗಲಿಲ್ಲ. ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ್ದನ್ನು ಹಿಡಿದು ಹಿಡಿದು ಕೊಟ್ಟ.

ಉಳಿದ ಲಸಿಕೆ ಬರುವ ಮೊದಲೇ ಸೂಜಿ ಬೀಳದ ಎರಡು ವರ್ಷದ ಬಿಳಿ ಕುರಿಯೊಂದು ಅದೇ ರೋಗಕ್ಕೆ ಸತ್ತಿತು. ಸುದ್ದಿ ಕೇಳಿ ಓಡಿಹೋದೆ. “ನನ್ನಿಂದ ಆತು ಮಾವ” ಎಂದು ಅತ್ತುಬಿಟ್ಟೆ. ಮಾವ ಬೈಯಲಿಲ್ಲ, ಕುರಿಗಳನ್ನು ಕೂಡಿಹಾಕಿದ್ದ ರೊಪ್ಪದ ಹತ್ತಿರ ಕರೆದುಕೊಂಡು ಹೋದ. ಸತ್ತ ಕುರಿಯ ಎಳೆಯ ಮರಿ ಹಸಿದು ಅರಚುತ್ತಾ, ಅದೇ ವಯಸ್ಸಿನ, ಅದೇ ಬಣ್ಣದ ಹೆಣ್ಣು ಕುರಿಗಳ ಕೆಚ್ಚಲಿಗೆ ಬಾಯಿ ಹಾಕುತ್ತಿತ್ತು. ಒಂದು ಮೂಸಿ ನೋಡಿ ಒದೆಯಿತು. ಇನ್ನೊಂದು ಮೂಸಿ ಗುದ್ದಿ ದೂಡಿತು. ಮರಿ ಎದ್ದು ಮುಂದಿನದರ ಹತ್ತಿರ ಹೋಯಿತು.

ಮಾವ ಹಾಲಿನ ಬಾಟಲಿ ನನ್ನ ಕೈಗೆ ಕೊಟ್ಟ.

“ಎಲ್ಲಾ ಒಂದ ಅಂದ್ಯಲ್ಲವಾ,” ಎಂದ, “ಈ ಮರಿಗೂ ಒಂದ್ಸಲ ಹೇಳಿ ನೋಡು.”