ಮಕ್ಕಳಿಗೆ ಬೆನ್ನು ಮಾಡಿ ಕೂತ ಮೇಳ

ಅಪ್ಪನ ಮುಖಕ್ಕಿಂತ ಅವನ ಬೆನ್ನೇ ನನಗೆ ಹೆಚ್ಚು ಪರಿಚಯ. ಇದನ್ನು ಚಮತ್ಕಾರಕ್ಕೆ ಹೇಳುತ್ತಿಲ್ಲ. ಅಪ್ಪ ನಾಟಕ ಕಂಪನಿಯಲ್ಲಿ ಪಿಟೀಲು ಬಾರಿಸುತ್ತಿದ್ದ. ಕಂಪನಿಯ ವಾದ್ಯದವರು ರಂಗದ ಮುಂದೆ, ನೆಲದ ಮೇಲೆ, ಜನರಿಗೆ ಬೆನ್ನು ಮಾಡಿ ಕೂಡುತ್ತಿದ್ದರು. ಪಾತ್ರಧಾರಿ ಎಲ್ಲಿ ಉಸಿರೆಳೆದ, ಎಲ್ಲಿ ಹಾಡು ಎತ್ತಿಕೊಂಡ ಎಂಬುದನ್ನು ಅವನ ಬಾಯಿ ನೋಡಿಯೇ ಬಾರಿಸಬೇಕಲ್ಲ, ಅದಕ್ಕೆ. ಕಂಪನಿ ಗದಗಿಗೆ ಬಂದಾಗ ಅವ್ವ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದಳು. ತಮ್ಮನೋ ರಂಗದ ಮೇಲಿನ ರಾಜನನ್ನೂ ನೋಡುತ್ತಿರಲಿಲ್ಲ, ರಾಣಿಯನ್ನೂ ನೋಡುತ್ತಿರಲಿಲ್ಲ. ಬಿಳಿ ಅಂಗಿಯ ಆ ಬೆನ್ನಿನ ಕಡೆ ಬೆರಳು ಮಾಡಿ "ಅಂವ ನಮ್ಮಪ್ಪ" ಎಂದು ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದ.

ನಮ್ಮ ಮನೆ ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ. ಹಗಲೆಲ್ಲ ಮಗ್ಗದ ಸಪ್ಪಳ. ಅಪ್ಪ ವರ್ಷದ ಬಹುಪಾಲು ಊರೂರು ತಿರುಗುತ್ತಿದ್ದರೆ, ಅವ್ವ ನೇಕಾರರ ಮನೆಗಳಿಗೆ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಟ್ಟು ನಮ್ಮನ್ನು ಸಾಕುತ್ತಿದ್ದಳು. ಸಂಜೆಯ ಹೊತ್ತಿಗೆ ಅವಳ ಬೆರಳ ತುದಿಗಳು ನೂಲಿನ ಬಣ್ಣಕ್ಕೆ ತಿರುಗಿರುತ್ತಿದ್ದವು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತನ್ನು ನಾನು ಶಾಲೆಯ ಪುಸ್ತಕದಿಂದ ಕಲಿತವಳಲ್ಲ.

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ತಮ್ಮನಿಗೆ ಜ್ವರ ಹತ್ತಿತು. ಕಂಪನಿ ಆಗ ಮುಂಡರಗಿಯಲ್ಲಿ ಡೇರೆ ಹಾಕಿತ್ತು. ಅವ್ವ ಹೇಳಿಕಳಿಸಿದಳು. ಐತವಾರದ ಆಟ ಮುಗಿಸಿ ಬರುತ್ತೇನೆಂದು ಅಪ್ಪ ತಿರುಗಿ ಹೇಳಿಕಳಿಸಿದ. ಹೊರಗೆ ಯಾರ ಚಪ್ಪಲಿ ಸಪ್ಪಳವಾದರೂ ತಮ್ಮ ಕಣ್ಣು ತೆರೆಯುತ್ತಿದ್ದ.

"ಅಪ್ಪ ಬಂದ್ನೇನವ್ವಾ?"

ಬರ್ತಾನ, ಮಲಕ್ಕೋ ಎನ್ನುತ್ತಿದ್ದಳು ಅವ್ವ. ಬಂದವರು ಡಾಕ್ಟರು, ಇಲ್ಲವೇ ಪಕ್ಕದ ಮನೆಯವರು. ಆಮೇಲಾಮೇಲೆ ಬಾಗಿಲಲ್ಲಿ ಬೆಕ್ಕು ಸುಳಿದರೂ ಅದೇ ಪ್ರಶ್ನೆ. ಐತವಾರಕ್ಕೆ ಮುಂಚೆಯೇ ಒಂದು ಬೆಳಿಗ್ಗೆ ಅವನ ಪ್ರಶ್ನೆ ನಿಂತಿತು.

ಓಣಿಯ ಹಿರಿಯರೊಬ್ಬರು ಮುಂಡರಗಿಗೆ ಖಬರು ಒಯ್ದರು. ಕಂಪನಿಗಳಲ್ಲಿ ಒಂದು ಕಟ್ಟಳೆ ಇತ್ತು: ಕೊನೆಯ ಪರದೆ ಬೀಳುವ ತನಕ ಯಾರಿಗೂ ಸಾವಿನ ಸುದ್ದಿ ಹೇಳಬಾರದು. ಖಬರು ಒಯ್ದ ಹಿರಿಯರನ್ನು ಅಡುಗೆಯ ಡೇರೆಯಲ್ಲಿ ಕೂಡಿಸಿ, ಊಟಕ್ಕೆ ಹಾಕಿ, ಆಟ ಮುಗಿಯುವವರೆಗೆ ಹೊರಗೆ ಬಿಡಲಿಲ್ಲವಂತೆ. ಆವತ್ತಿನದು ನಗೆಯ ನಾಟಕ. ಅಪ್ಪ ಮರುದಿನ ಬಂದಾಗ ತಮ್ಮನನ್ನು ಮಣ್ಣು ಮಾಡಿ ಆಗಿತ್ತು.

ಅಪ್ಪ ಅಳಲಿಲ್ಲ. ಬಂದವನೇ ಗೋಡೆಯ ಕಡೆ ಮುಖ ಮಾಡಿ ಕೂತ. ಅವ್ವ ಹೊಸ್ತಿಲಲ್ಲಿ ನಿಂತು, "ನಿಮ್ಮನ್ನ ಕೇಳಿಕೊಂತ ಹೋತ್ರಿ ಕೂಸು" ಎಂದಳು. ಅಪ್ಪ ಗೋಡೆಯಿಂದ ಈ ಕಡೆ ತಿರುಗಲಿಲ್ಲ. ಕೆಲವು ದಿನ ಇದ್ದು ಮತ್ತೆ ಕಂಪನಿಗೆ ಹೋದ. ಅಂದಿನಿಂದ ನನಗೆ ತಿಳಿಯಬೇಕಾಗಿದ್ದದ್ದು ಒಂದೇ. ಈ ಮನುಷ್ಯನಿಗೆ ತಮ್ಮ ಸತ್ತದ್ದಕ್ಕೆ ಸಂಕಟವಾಯಿತೋ ಇಲ್ಲವೋ? ಆಗಿದ್ದರೆ ಅದನ್ನು ಎಲ್ಲಿ ಇಟ್ಟಿದ್ದಾನೆ? ಅವ್ವನಿಗೂ ಬೇಕಾಗಿದ್ದದ್ದು ಅದೇ ಎಂದು ನನಗೆ ಗೊತ್ತಿತ್ತು.

ಮುಂದೆ ಸಿನಿಮಾ ಬಂತು, ಕಂಪನಿ ಮುಚ್ಚಿತು. ಅಪ್ಪ ಪಿಟೀಲಿನ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದು, ಅದನ್ನು ಗೂಟಕ್ಕೆ ತೂಗುಹಾಕಿ, ಕಟ್ಟೆಯ ಮೇಲೆ ಕೂತ. ಮನೆಯಲ್ಲಿ ಬೀಗರಂತೆ ಇದ್ದ. ಬಡಿಸಿದ್ದನ್ನು ಉಣ್ಣುತ್ತಿದ್ದ, ಉಪ್ಪು ಕಮ್ಮಿ ಎಂದು ಸಹ ಹೇಳುತ್ತಿರಲಿಲ್ಲ.

ಆಗ ಬೆಟಗೇರಿಯ ಶಾಲೆಯೊಂದರ ಹೆಡ್ ಮಾಸ್ತರರು ಒಂದು ಹುಚ್ಚು ಹಿಡಿಸಿಕೊಂಡಿದ್ದರು. ಅವರು ಮುಂಬಯಿಗೆ ಹೋದಾಗ ದೊಡ್ಡದೊಂದು ವಾದ್ಯವೃಂದ ಕೇಳಿ ಬಂದಿದ್ದರಂತೆ. ಹಾಡುವವರೇ ಇಲ್ಲದೆ, ಬರೀ ವಾದ್ಯಗಳು ಕೂಡಿ ನುಡಿಸುವುದು. ನಮ್ಮ ಮಕ್ಕಳೂ ಅದನ್ನು ಎದುರು ಕೂತು ಕೇಳಬೇಕು, ಒಂದೊಂದು ವಾದ್ಯದ ದನಿ ಬೇರೆ ಬೇರೆ ಗುರುತು ಹಿಡಿದು ಆಮೇಲೆ ಎಲ್ಲ ಒಟ್ಟಿಗೆ ಕೇಳಬೇಕು ಎಂಬುದು ಅವರ ಆಸೆ. ಏಕೀಕರಣದ ಮಾತು ಕಾವೇರುತ್ತಿದ್ದ ಕಾಲ. ಲಕ್ಷ್ಮೇಶ್ವರ, ಶಿರಹಟ್ಟಿ ಮೊನ್ನೆಮೊನ್ನೆಯವರೆಗೆ ಸಂಸ್ಥಾನಿಕರ ಕೈಯಲ್ಲಿದ್ದ ಊರುಗಳು. ಅಲ್ಲಿಯ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಸಂಗೀತ ಕೇಳಲಿ ಎಂದು ಅವರು ಶಾಲೆಗಳಿಗೆಲ್ಲ ಹೇಳಿ ಒಪ್ಪಿಸಿದರು. ಅಪ್ಪನ ಕಂಪನಿ ಮುಚ್ಚಿ ಕೆಲಸವಿಲ್ಲದೆ ಕೂತಿದ್ದ ವಾದ್ಯದವರು ಸಿಕ್ಕರು: ಕಾಲಿನಿಂದ ತುಳಿಯುವ ದೊಡ್ಡ ಹಾರ್ಮೋನಿಯಂ ಪೇಟಿಯವರು, ತಬಲಾ ಮಾಸ್ತರರು, ಕ್ಲಾರಿಯೋನೆಟ್ಟಿನವರು, ಮತ್ತೆ ನಮ್ಮಪ್ಪ. ಮಕ್ಕಳಿಗೆ ವಾದ್ಯಗಳ ಪರಿಚಯ ಹೇಳಲು ಹೆಡ್ ಮಾಸ್ತರರು ನನ್ನನ್ನು ಹಿಡಿದರು. ನನ್ನ ಬಾಯಿ ದೊಡ್ಡದೆಂದು ಊರಿಗೆಲ್ಲ ಗೊತ್ತಿತ್ತು. ಅವ್ವ ಮಾತ್ರ ಬೇರೆಯ ಕಾರಣಕ್ಕೆ ಒಪ್ಪಿದಳು. ಅಪ್ಪ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ನೋಡಿಕೊ ಎಂದಳು.

ಮೊದಲ ಕಾರ್ಯಕ್ರಮ ನಮ್ಮ ಬೆಟಗೇರಿಯ ಶಾಲೆಯಲ್ಲೇ. ಮಕ್ಕಳು ಸಾಲಾಗಿ ನೆಲದ ಮೇಲೆ ಕೂತಿದ್ದರು. ವಾದ್ಯದವರು ಬಂದರು, ಜಮಖಾನೆ ನೋಡಿದರು, ಸಾವಕಾಶ ಕೂತರು, ಗೋಡೆಯ ಕಡೆ ಮುಖ ಮಾಡಿ! ಅಷ್ಟೂ ಜನ ಮಕ್ಕಳಿಗೆ ಬೆನ್ನು ಮಾಡಿಕೊಂಡು ಶ್ರುತಿ ಮಾಡತೊಡಗಿದರು. ವರ್ಷಾನುಗಟ್ಟಲೆಯ ರೂಢಿ. ಎದುರಿಗೆ ರಂಗವಿಲ್ಲ, ಖಾಲಿ ಗೋಡೆ ಇದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಮಕ್ಕಳೂ ಅಷ್ಟೇ. ಅವರೆಲ್ಲ ಕತ್ತು ಉದ್ದ ಮಾಡಿ ಪಾತ್ರಗಳು ಯಾವಾಗ ಬರುತ್ತವೆ ಎಂದು ಗೋಡೆಯನ್ನೇ ನೋಡುತ್ತಿದ್ದರು. ಒಂದು ಇಡೀ ಗತ್ತು ಬಾರಿಸಿ ಮುಗಿಯಿತು, ಯಾವ ರಾಜನೂ ಬರಲಿಲ್ಲ.

ಹೆಡ್ ಮಾಸ್ತರರು ನಗುತ್ತ ಬಂದು, ಈ ಸಲ ನೀವೇ ಪಾತ್ರ, ಈ ಕಡೆ ತಿರುಗ್ರಿ ಎಂದರು. ಮಾಸ್ತರರೆಲ್ಲ ನಕ್ಕರು. ಪೇಟಿಯನ್ನು ನಾಲ್ಕು ಮಂದಿ ಹಿಡಿದು ತಿರುಗಿಸಿದರು. ಅಪ್ಪನೂ ತಿರುಗಿದ. ಎದುರಿಗೆ ಸಾಲುಸಾಲು ಮಕ್ಕಳು, ಮುಂದಿನ ಸಾಲಿನಲ್ಲಿ ನನ್ನ ತಮ್ಮ ಹೋದಾಗಿನ ವಯಸ್ಸಿನವರು. ಅಪ್ಪ ಅವರನ್ನು ನೋಡಿದ, ಕಮಾನು ಎತ್ತಿದ, ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಕೆಳಗಿಟ್ಟ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಎದ್ದು, ಮತ್ತೆ ಗೋಡೆಯ ಕಡೆ ತಿರುಗಿ ಕೂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಕಟಕಿಯಾಡಿದೆ. ಸಿಟ್ಟು ಬಂದಿತ್ತು ನನಗೆ. ಮನೆಯಲ್ಲಂತೂ ಬೆನ್ನು, ಇಲ್ಲಿಯೂ ಬೆನ್ನೇ?

ಆದರೂ ಸಂಗೀತ ಮಕ್ಕಳಿಗೆ ಹಿಡಿಸಿತು, ಅದನ್ನು ಹೇಳಲೇಬೇಕು. ಒಂದೊಂದೇ ವಾದ್ಯ ನುಡಿದಾಗ ಮಿಸುಕಾಡುತ್ತಿದ್ದವರು, ಎಲ್ಲ ಕೂಡಿದಾಗ ಸುಮ್ಮನಾದರು. ನೇಕಾರರ ಹುಡುಗನೊಬ್ಬ, ಇಷ್ಟು ಮಂದಿ ಕೂಡಿ ಬಾರಿಸಿದರೂ ಎಳೆ ಹೇಗೆ ತೊಡಕಾಗಲಿಲ್ಲ ಎಂದು ಕೇಳಿದ. ಹೆಡ್ ಮಾಸ್ತರರು ಆ ಮಾತನ್ನು ಮುಂದೆ ಹೋದ ಊರುಗಳಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಲಕ್ಷ್ಮೇಶ್ವರಕ್ಕೆ ಬಸ್ಸಿನ ಮೇಲೆ ಪೇಟಿ ಕಟ್ಟಿಕೊಂಡು ಹೋದೆವು. ಅಲ್ಲಿ ಅಪ್ಪ ಕಂಬದ ಮರೆ ಹಿಡಿದ. ಶಿರಹಟ್ಟಿಯಲ್ಲಿ ನಾಟಕದ ಗಾಳಿ ಕುಡಿದೇ ಬೆಳೆದ ಜನ. ಅಲ್ಲಿಯ ಹಿರಿಯ ಮಾಸ್ತರರೊಬ್ಬರು ಅಪ್ಪನ ಬೆನ್ನು ನೋಡಿ, ವಾದ್ಯದವರು ಕೂಡುವ ಪದ್ಧತಿಯೇ ಅದು ಎಂದು ಮಕ್ಕಳಿಗೆ ತಿಳಿಸಿ ಹೇಳಿದರು. ಅಪ್ಪ ಬಚಾವಾದ. ಉಳಿದ ವಾದ್ಯದವರಂತೂ ಒಂದು ದಿನವೂ ಅವನನ್ನು ತಿರುಗು ಎನ್ನಲಿಲ್ಲ. ಅದು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಒಬ್ಬರ ತಾಳ ಕೂದಲೆಳೆಯಷ್ಟು ತಪ್ಪಿದರೂ ಜಗಳಕ್ಕೆ ನಿಲ್ಲುವ ಮಂದಿ ಅವರು.

ಕೊನೆಗೆ ಮುಂಡರಗಿ. ಬಸ್ಸು ಊರು ಮುಟ್ಟುತ್ತಿದ್ದಂತೆ ಅಪ್ಪ ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡ. ಕಂಪನಿಯ ಡೇರೆ ಇದ್ದ ಬಯಲು ಶಾಲೆಯ ಮಗ್ಗುಲಿಗೇ ಇತ್ತು. ಅಲ್ಲೀಗ ಯಾರದೋ ದನ ಮೇಯುತ್ತಿದ್ದವು. ಮಧ್ಯಾಹ್ನ ರೊಟ್ಟಿ ಬಡಿಸಿದರೆ ಅಪ್ಪ ಮುರಿದು ತಾಟಿನಲ್ಲಿ ಅತ್ತಿತ್ತ ಮಾಡಿ ಎದ್ದುಬಿಟ್ಟ. ಅವ್ವ ಕೇಳಿದರೆ ಏನು ಹೇಳಲಿ ಎಂದು ನನಗೆ ಚಿಂತೆ.

ಶಾಲೆಯಲ್ಲಿ ಎಂದಿನಂತೆ ಅವನು ಗೋಡೆಗೆ ಮುಖ ಮಾಡಿ ಕೂತ. ನಾನು ಪೇಟಿ ತೋರಿಸಿದೆ, ತಬಲಾ ತೋರಿಸಿದೆ, ಕ್ಲಾರಿಯೋನೆಟ್ ತೋರಿಸಿದೆ. ಕೊನೆಗೆ ಅಪ್ಪನ ಮಗ್ಗುಲಿಗೆ ನಿಂತು, ಇದು ಪಿಟೀಲು, ಇದಕ್ಕೆ ನಾಲ್ಕು ತಂತಿ ಎಂದೆ. ಪಿಟೀಲು ಯಾರಿಗೆ ಕಾಣುತ್ತಿತ್ತು? ಮುಂದಿನ ಸಾಲಿನಲ್ಲಿದ್ದ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಕ್ಕಾರ, ಅವರು ನಮ್ಮ ಮ್ಯಾಲೆ ಸಿಟ್ಟಾಗ್ಯಾರೇನ್ರಿ?"

ಮಾಸ್ತರರು ಅವಳನ್ನು ಗದರಿಸಿ ಕೂಡಿಸಿದರು. ಇಷ್ಟು ವರ್ಷ ನಾನು ಕೇಳಬೇಕೆಂದಿದ್ದದ್ದೂ ಅದೇ. ಅಪ್ಪನ ಬೆನ್ನು ಅಲುಗಾಡಲಿಲ್ಲ. ತಬಲಾ ಮಾಸ್ತರರು ಶ್ರುತಿ ಮಾಡುತ್ತಿದ್ದ ಸುತ್ತಿಗೆ ಕೆಳಗಿಟ್ಟು ಅವನನ್ನೇ ನೋಡಿದರು. ಆಮೇಲೆ ಅಪ್ಪ ಪಿಟೀಲನ್ನು ಎತ್ತಿ ಎದೆಗೆ ಹಿಡಿದು, ನೆಲಕ್ಕೆ ಒಂದು ಕೈ ಊರಿ, ಕೂತಲ್ಲೇ ತಿರುಗಿದ.

"ಇಲ್ಲವ್ವಾ," ಎಂದ ಆ ಹುಡುಗಿಗೆ. "ನಿಮ್ಮ ಮ್ಯಾಲೆ ಯಾಕ ಸಿಟ್ಟಾಗಲಿ."

ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ಕಮಾನು ಹಚ್ಚಿದ. ಬಾರಿಸುವ ಅಪ್ಪನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿರಲಿಲ್ಲ, ಮಕ್ಕಳ ಮೇಲೆಯೇ ನೆಟ್ಟಿದ್ದವು. ಸ್ವಲ್ಪ ಹೊತ್ತಿಗೆ ತುಟಿಗಳು ಅಲುಗತೊಡಗಿದವು. ತಾಳ ಎಣಿಸುತ್ತಿದ್ದಾನೆ ಅಂದುಕೊಂಡೆ. ಆದರೆ ತುಟಿ ತಾಳಕ್ಕೆ ಕೂಡುತ್ತಿರಲಿಲ್ಲ. ಕ್ಲಾರಿಯೋನೆಟ್ ಒಂದು ಕಡೆ ನಿಂತು ಉಸಿರು ತೆಗೆದುಕೊಳ್ಳುವಾಗ, ಮಗ್ಗುಲಲ್ಲೇ ನಿಂತಿದ್ದ ನನ್ನ ಕಿವಿಗೆ ಅದು ಬಿತ್ತು.

"ಬಂದೆಪಾ... ಬಂದೆ... ತಡಿ, ಬಂದೆಪಾ..."

ಪಿಟೀಲು ತನ್ನ ಪಾಡಿಗೆ ತಾನು ನುಡಿಯುತ್ತಿತ್ತು, ಒಂದು ಸ್ವರ ಆಚೀಚೆ ಆಗಲಿಲ್ಲ. ಅಪ್ಪನ ಕಣ್ಣಿಂದ ನೀರು ಇಳಿದು ಗದ್ದದಲ್ಲಿ ನಿಂತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮಕ್ಕಳು ಗಪ್ಪಾಗಿ ಕೇಳುತ್ತಿದ್ದರು. ಹಲ್ಲು ಬಿದ್ದ ಆ ಹುಡುಗಿ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದಳು. ನಾನು ಅತ್ತೆ. ತಮ್ಮನಿಗಾಗಿಯೋ ಅಪ್ಪನಿಗಾಗಿಯೋ ಎಂದು ಕೇಳಿದರೆ ಈಗಲೂ ಹೇಳಲಾರೆ.

ತಿರುಗಿ ಬರುವಾಗ ಅಪ್ಪ ಬಸ್ಸಿನ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ತಬಲಾ ಮಾಸ್ತರರು ನನ್ನ ಪಕ್ಕಕ್ಕೆ ಬಂದು ಕೂತು, ದನಿ ಇಳಿಸಿ ಹೇಳಿದರು.

"ನಿನಗ ಇವತ್ತ ಗೊತ್ತಾತು. ಬಾಜೂಕ ಕೂಡೋ ನಮಗ ಕೂಸು ಹೋದ ಆವತ್ತಿನಿಂದನ ಗೊತ್ತೈತಿ. ಕಮಾನು ಎತ್ತಿದ ಅಂದ್ರ ಬಾಯಾಗ ಅದ ಮಾತು. ಜನರಿಗೆ ಬೆನ್ನ ಇರ್ತಿತ್ತಲ್ಲ, ಯಾರಿಗೂ ಕಾಣತಿರಲಿಲ್ಲ."

ಅಂದರೆ ನಗೆಯ ನಾಟಕಗಳಲ್ಲಿ ಜನ ಹೊಟ್ಟೆ ಹಿಡಿದು ನಗುವಾಗಲೂ, ಮದುವೆಯ ಸೀನುಗಳಲ್ಲಿಯೂ ಅಪ್ಪ ಅದನ್ನೇ ಹೇಳಿಕೊಂಡು ಬಾರಿಸುತ್ತಿದ್ದ. ಆಮೇಲಿನ ವರ್ಷಗಳಲ್ಲಿ ಕಂಪನಿ ಗದಗಿಗೆ ಬಂದಾಗ ನಾನೂ ಅವ್ವನೂ ಅದೇ ಬೆನ್ನಿನ ಹಿಂದೆ ಕೂತು, ಕಲ್ಲು ಮನಸ್ಸಿನವನು ಎಂದುಕೊಂಡಿದ್ದೆವು. ನಮಗೂ ಅವನಿಗೂ ನಡುವೆ ಬಹಳ ದೂರವೇನೂ ಇರಲಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಪಡಸಾಲೆಯಲ್ಲಿ ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ಅಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದ. ನಾನು ಅವ್ವನ ಹತ್ತಿರ ಕೂತು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದೆ. ಅವಳು ಸಮಾಧಾನ ಪಡುತ್ತಾಳೆ, ಇಷ್ಟು ವರ್ಷದ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ರಾಟಿ ನಿಂತಿತು. ಎಳೆ ಅವಳ ಬಣ್ಣದ ಬೆರಳುಗಳಲ್ಲೇ ಇತ್ತು. ಅಷ್ಟರಲ್ಲಿ ಅಪ್ಪ ಒಳಗೆ ಬಂದು ಪಿಟೀಲಿನ ಚೀಲ ಎತ್ತಿಕೊಂಡು ಗೂಟದ ಕಡೆ ಹೋದ. ಅವ್ವ ದನಿ ಏರಿಸಲಿಲ್ಲ.

"ಅಷ್ಟ ಮಾತು ನನ್ನ ಮುಂದ ಒಮ್ಮೆ ಅನಬಾರದಿತ್ತೇನ್ರಿ?"

ಅಪ್ಪ ನಮಗೆ ಬೆನ್ನು ಮಾಡಿ ಚೀಲದ ಹುರಿಯನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದ. ಹುರಿ ಸಿಕ್ಕಿ ಆಗಿತ್ತು, ಆದರೂ ಅವನು ಅದನ್ನು ಸಿಕ್ಕಿಸುತ್ತಲೇ ಇದ್ದ.