ಕಕ್ಕುಲ್ಲಾನು ಅಳೆದ ಬಾಗಿಲು

ನಿನೆವೆಯ ಕೋಟೆ ಬಾಗಿಲಲ್ಲಿ ದಿನಾ ಬೆಳಿಗ್ಗೆ ಎರಡೂ ಕೈ ಚಾಚಿ ಏನೋ ಗೊಣಗುತ್ತ ನಿಲ್ಲುತ್ತಿದ್ದ ಕಕ್ಕುಲ್ಲಾನುವನ್ನು ನಾನು ದೊಡ್ಡ ದೈವಭಕ್ತ ಎಂದೇ ತಿಳಿದಿದ್ದೆ. ಸೂರ್ಯದೇವ ಶಮಾಶನಿಗೆ ಕೈ ಎತ್ತಿದ್ದಾನೆಂದು, ಒಮ್ಮೆ ಅವನ ಹಿಂದೆ ನಿಂತು ನಾನೂ ಕೈ ಚಾಚಿದೆ.

“ಅತ್ಲಾಗೆ ಹೋಗಿ ಅಯ್ಯನೋರೇ, ಅಳತೆ ತಪ್ತು,” ಎಂದ. ಅವನು ಗೋಡೆ ಕಟ್ಟುವವನು. ಮಾರು ಹಾಕಿ ಬಾಗಿಲು ಅಳೆಯುತ್ತಿದ್ದ.

ಆ ಬಾಗಿಲು ಎರಡು ಮಾರು ಅಗಲವಿತ್ತು. ನಮ್ಮ ರಥಗಳು ಜೋಡಿಜೋಡಿಯಾಗಿ ಹೊರಟು, ಯಾರದೋ ಊರಿನ ದೇವರು, ದಂತದ ಮಂಚ, ಕೈಕಟ್ಟಿದ ಜನ ಎಲ್ಲವನ್ನೂ ಹೊತ್ತು ತರುವುದಕ್ಕೆ ಅಷ್ಟು ಸಾಲದಾಯಿತು. ಅವನು ಒಡೆದು ನಾಲ್ಕು ಮಾರು ಮಾಡಿದ. ಶಾಸನ ಬರೆದವನು ನಾನು. ನಮ್ಮ ಅರಸನನ್ನು “ನಾಲ್ಕು ದಿಕ್ಕಿನ ಒಡೆಯ” ಎಂದು ಮೂರು ಸಲ ಬರೆದೆ. ಕಕ್ಕುಲ್ಲಾನುವಿನ ಹೆಸರಿಗೆ ಮಾತ್ರ ಕಲ್ಲಿನಲ್ಲಿ ಜಾಗ ಸಾಲಲಿಲ್ಲ.

ಈ ಬೇಸಿಗೆ ಬಾಬಿಲೋನಿನವರೂ ಮೇದ್ಯ ದೇಶದವರೂ ಒಂದಾಗಿ ನಮ್ಮ ಮೇಲೆ ದಂಡೆತ್ತಿ ಬಂದರು. ಮಧ್ಯಾಹ್ನದೊಳಗೆ ಬಾಗಿಲು ಪೂರ್ತಿ ಮುಚ್ಚಬೇಕೆಂದು ದಳಪತಿಯ ಅಪ್ಪಣೆ. ಕಕ್ಕುಲ್ಲಾನು ಎರಡು ಬದಿಯಿಂದಲೂ ಸರಸರನೆ ಇಟ್ಟಿಗೆ ಏರಿಸಿಕೊಂಡು ಬಂದವನು ಮೂರು ಮೊಳ ಸಂದಿ ಉಳಿದಾಗ ನಿಂತುಬಿಟ್ಟ. ಮಗಳು ಉರ್ಕಿತ್ತು ಹೊರಗಿನ ಹಳ್ಳಿಯಿಂದ ಕೂಸು ಕಟ್ಟಿಕೊಂಡು ಇನ್ನೂ ಬಂದಿರಲಿಲ್ಲ. ದೂರದಲ್ಲಿ ಧೂಳು ಏಳುತ್ತಿತ್ತು. ಅದು ಕುರಿಮಂದೆಯೋ ಕುದುರೆದಂಡೋ ತಿಳಿಯದೆ ಗೋಡೆ ಮೇಲಿನವರು ಜಗಳಾಡುತ್ತಿದ್ದರು.

“ಯಾಕೋ ನಿಲ್ಲಿಸ್ದೆ?” ದಳಪತಿ ಗುಡುಗಿದ.

“ವಾಲಿದೆ ದೊರೆ,” ಎಂದು ಕಕ್ಕುಲ್ಲಾನು ನೆಟ್ಟಗಿದ್ದ ಎರಡು ವರಸೆ ಇಟ್ಟಿಗೆ ಕಿತ್ತ. ಮತ್ತೆ ಕಟ್ಟಿದ. ಕೈ ಚಾಚಿ ಅಳೆದ. ಮತ್ತೆ ಕಿತ್ತ.

“ನನ್ನ ಕಣ್ಣಿಗೆ ನೆಟ್ಟಗೇ ಕಾಣ್ಸುತ್ತಲ್ಲೋ!”

“ತಾವು ಕುದುರೆ ಮೇಲೆ ವಾಲ್ಕೊಂಡಿದೀರಿ ದೊರೆ.”

ದಳಪತಿ ಚಾಟಿ ಬಿಚ್ಚಿದ. ಒಂದು ಏಟು ಬೆನ್ನಿಗೆ ಬಿತ್ತು. ಕಕ್ಕುಲ್ಲಾನು ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ಸಂದಿಯಾಚೆಗಿನ ದಾರಿಯ ಮೇಲಿತ್ತು. ಎರಡನೆಯ ಏಟಿಗೆ ಕೈ ಎತ್ತುವಷ್ಟರಲ್ಲಿ ಒಂದು ಕತ್ತೆ ಕಂಡಿತು, ಅದರ ಹಿಂದೆ ಓಡೋಡಿ ಬರುತ್ತಿದ್ದ ಉರ್ಕಿತ್ತು.

“ಇದೇನಪ್ಪಾ, ಬಾಗಿಲು ಅಂತ ಇಲಿಬಿಲ ಮಾಡಿಟ್ಟಿದೀಯ!”

“ಬಾಯಿ ಆಮೇಲೆ, ಮೊದ್ಲು ಕೂಸು ಕೊಡೇ!”

ಕೂಸು ಬಂತು, ತಾಯಿ ಬಂದಳು. ಕತ್ತೆ ಮಾತ್ರ ಎರಡು ಮೂಟೆಯ ಜೊತೆ ಸಿಕ್ಕಿಕೊಂಡಿತು. ದಳಪತಿಯೇ ಇಳಿದು ಬಂದು, ಬೈಯುತ್ತ, ಅದರ ಕಿವಿ ಹಿಡಿದೆಳೆದ.

ಆಮೇಲೆ ಕಕ್ಕುಲ್ಲಾನುವಿನ ಕೈ ನೋಡಬೇಕಿತ್ತು. ಒಂದು ಇಟ್ಟಿಗೆಯೂ ವಾಲಲಿಲ್ಲ.

ನನಗೆ ನನ್ನ ಶಾಸನದ್ದೇ ಚಿಂತೆ. “ಅಲ್ಲಯ್ಯ, ಇಷ್ಟು ಭದ್ರವಾಗಿ ಮುಚ್ಚಿಬಿಟ್ರೆ, ನಾಳೆ ನಮ್ಮ ರಥ ಹೊರಗೆ ಹೋಗೋದು ಹೇಗೆ?”

ಕಕ್ಕುಲ್ಲಾನು ಕೊನೆಯ ಇಟ್ಟಿಗೆಗೆ ಮಣ್ಣು ಮೆತ್ತುತ್ತ ಹೇಳಿದ:

“ನಾವು ಹೋಗಿ ಹೋಗಿಯೇ ಅಯ್ಯನೋರೇ, ಇವತ್ತು ಅವರು ಬಂದಿರೋದು.”